ದೂರವಿದ್ದ ವರ್ಷದಲ್ಲೇ ಮಾನಸಗಂಗೋತ್ರಿ ಹತ್ತಿರವಾದದ್ದು ಏಕೆ?

ಪ್ರಶ್ನೆ (ಮಲೆನಾಡಿನ ಓದುಗಿ):

ನಾನು 2019ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಎಂ.ಎ.ಗೆ ಸೇರಿದವಳು. 2020ರ ಮಾರ್ಚ್ ಮಧ್ಯದಲ್ಲಿ ತರಗತಿಗಳು ನಿಂತು, ಹಾಸ್ಟೆಲಿನಿಂದ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿಗೆ ಹೊರಟಾಗ, ಒಂದೆರಡು ವಾರದಲ್ಲಿ ಹಿಂದಿರುಗುತ್ತೇವೆ ಎಂದೇ ಎಲ್ಲರೂ ನಂಬಿದ್ದೆವು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನವೆಂಬರ್ 17ರಂದು ರಾಜ್ಯದಲ್ಲಿ ಕಾಲೇಜುಗಳು ತೆರೆದ ಮೇಲೆ ಕೋವಿಡ್ ಪರೀಕ್ಷೆಯ ವರದಿ ಮತ್ತು ಪೋಷಕರ ಒಪ್ಪಿಗೆ ಪತ್ರ ಹಿಡಿದು ಮೈಸೂರಿಗೆ ಮರಳಿದೆ. ಆದರೆ 2021ರ ಏಪ್ರಿಲ್ ಕೊನೆಗೆ ಎರಡನೆಯ ಅಲೆ ಬಂದು ಮತ್ತೆ ಊರು ಸೇರಬೇಕಾಯಿತು.

ನಮ್ಮ ಅಧ್ಯಾಪಕರೊಬ್ಬರು ಹಳಗನ್ನಡ ಕಾವ್ಯ ಪಾಠ ಮಾಡುತ್ತಿದ್ದರು. ಕಂದಪದ್ಯವನ್ನು ಕಿವಿಯಿಂದಲೇ ಕಲಿಯಬೇಕು ಎಂಬುದು ಅವರ ನಿಲುವು. ಆನ್‌ಲೈನ್ ತರಗತಿಯಲ್ಲಿ ನೆಟ್‌ವರ್ಕ್ ಕೈಕೊಟ್ಟು ಪ್ರಾಸವೂ ಗಣವೂ ತುಂಡು ತುಂಡಾಗಿ ಕೇಳಿಸುತ್ತಿದ್ದುದರಿಂದ, ಅವರು ಪ್ರತಿ ಪದ್ಯವನ್ನೂ ಎರಡು ಬಾರಿ ಓದಿ, ಅನ್ವಯ ಹೇಳಿ, ಧ್ವನಿಮುದ್ರಿಸಿ ವಾಟ್ಸಾಪ್‌ನಲ್ಲಿ ಕಳುಹಿಸತೊಡಗಿದರು. ಸಿಗ್ನಲ್ ಸಿಗುವ ಗುಡ್ಡಕ್ಕೆ ಹೋಗಿ ಅವನ್ನು ಇಳಿಸಿಕೊಂಡು, ರಾತ್ರಿ ಮಳೆಯ ಸದ್ದಿನ ನಡುವೆ ಕೇಳುತ್ತಿದ್ದೆ. ಹಿನ್ನೆಲೆಯಲ್ಲಿ ಅವರ ಮನೆಯ ಕುಕ್ಕರ್ ಕೂಗುವುದೂ ಕೇಳುತ್ತಿತ್ತು.

ನನ್ನ ಪ್ರಶ್ನೆ ಇಷ್ಟು. ಗಂಗೋತ್ರಿಯಲ್ಲಿದ್ದಾಗ ಅದನ್ನು ನಾನು ಓದುವ ಜಾಗವೆಂದಷ್ಟೇ ಕಂಡಿದ್ದೆ. ಅದರ ಮೇಲೆ ಇಷ್ಟು ಗಾಢವಾದ ಮಮತೆ ಹುಟ್ಟಿದ್ದು ಅದರಿಂದ ದೂರವಿದ್ದ ತಿಂಗಳುಗಳಲ್ಲಿ. ಆ ಅವಧಿಯಲ್ಲಿ ಓದಿದ ಬೇರೆಯವರಿಗೂ ಹೀಗಾಗಿದೆಯೇ? ನಾವು ಪ್ರೀತಿಸಿದ್ದು ನಿಜಕ್ಕೂ ಯಾವುದನ್ನು?

ಉತ್ತರ (ಹಳೆಯ ವಿದ್ಯಾರ್ಥಿ, ಮಂಡ್ಯ):

ನಾನು ನಿಮಗಿಂತ ಬಹಳ ಹಿಂದೆ ಅಲ್ಲಿ ಓದಿದವನು. ಆದರೂ ನಿಮ್ಮ ಅನುಭವಕ್ಕೆ ಆ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲೇ ಬೇರುಗಳಿವೆ ಎಂದು ನನಗೆ ಅನ್ನಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು 1916ರ ಜುಲೈ 27ರಂದು ಸ್ಥಾಪಿಸಿದ ಈ ಸಂಸ್ಥೆ ತರಗತಿಯ ನಾಲ್ಕು ಗೋಡೆಗೆ ತನ್ನನ್ನು ಎಂದೂ ಮಿತಿಗೊಳಿಸಿಕೊಳ್ಳಲಿಲ್ಲ. 1930ರ ದಶಕದಲ್ಲೇ ಅಧ್ಯಾಪಕರು ಊರೂರಿಗೆ ಹೋಗಿ, ವಿಜ್ಞಾನ, ಚರಿತ್ರೆ, ಆರೋಗ್ಯ, ಸಾಹಿತ್ಯ ಎಲ್ಲವನ್ನೂ ಜನರಿಗೆ ತಿಳಿಯುವ ಕನ್ನಡದಲ್ಲಿ ಹೇಳಿದರು. ಆ ಮಾತುಗಳು ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಗೆಗಳಾಗಿ ಅಲ್ಪ ಬೆಲೆಗೆ ಮನೆಮನೆಗೆ ಬಂದವು. ಕಾಲೇಜಿನ ಮೆಟ್ಟಿಲು ಹತ್ತದ ನನ್ನ ತಂದೆಗೆ ಮೈಸೂರು ವಿಶ್ವವಿದ್ಯಾನಿಲಯವೆಂದರೆ ಆ ತೆಳುವಾದ ಪುಸ್ತಕಗಳೇ. ಅವರು ಅವನ್ನು ಪಂಚಾಂಗದ ಜೊತೆಯಲ್ಲೇ ಇಟ್ಟುಕೊಂಡಿದ್ದರು.

ನಿಮ್ಮ ಅಧ್ಯಾಪಕರು ಫೋನಿನಲ್ಲಿ ಕಳುಹಿಸಿದ ಪದ್ಯಗಳನ್ನು ನಾನು ಅದೇ ಪರಂಪರೆಯ ಮುಂದುವರಿಕೆಯೆಂದು ನೋಡುತ್ತೇನೆ. ಆದ್ದರಿಂದ ನೀವು ಪ್ರೀತಿಸಿದ್ದು ಕುಕ್ಕರಹಳ್ಳಿ ಕೆರೆಯ ಏರಿಯನ್ನೋ ಗ್ರಂಥಾಲಯದ ಮೇಜನ್ನೋ ಮಾತ್ರವಲ್ಲ. ತಿಳಿದವರು ತಿಳಿಯಬಯಸುವವರನ್ನು ಹುಡುಕಿಕೊಂಡು ಬರುವ ಆ ರೂಢಿಯನ್ನು.

ಉತ್ತರ (ವಿಜ್ಞಾನ ವಿದ್ಯಾರ್ಥಿ, ಚಾಮರಾಜನಗರ):

ಹಿರಿಯರ ಮಾತನ್ನು ಗೌರವಿಸುತ್ತಲೇ ಬೇರೊಂದು ಮಾತು ಹೇಳುತ್ತೇನೆ. ನಾನು ಎಂ.ಎಸ್‌ಸಿ. ರಸಾಯನಶಾಸ್ತ್ರದ ಕೊನೆಯ ಸೆಮಿಸ್ಟರಿನಲ್ಲಿದ್ದೆ. ನಮಗೆ ಜಾಗವೇ ಮುಖ್ಯವಾಗಿತ್ತು, ಏಕೆಂದರೆ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆಯುವ ಟೈಟ್ರೇಷನ್ನಿನಲ್ಲಿ ಬಣ್ಣ ತಿರುಗುವ ಆ ಒಂದು ಹನಿಯನ್ನು ಕೈಯೇ ಕಲಿಯಬೇಕು. ಅದನ್ನು ಯಾವ ವೀಡಿಯೊವೂ ಕಲಿಸಲಾರದು. ಪ್ರಯೋಗಾಲಯ, ಅದರ ವಾಸನೆ, ಪಕ್ಕದ ಬೆಂಚಿನವನ ಬಳಿ ಪಿಪೆಟ್ ಕೇಳುವುದು, ಇವು ಇಲ್ಲದೆ ನಾನು ವಿದ್ಯಾರ್ಥಿಯೆಂದು ನನಗೇ ಅನ್ನಿಸುತ್ತಿರಲಿಲ್ಲ.

ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಅಂತ್ಯದೊಳಗೆ ಮುಗಿಸಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2020ರ ಜುಲೈ 6ರಂದು ಹೇಳಿತು. ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಪರೀಕ್ಷೆ ನಡೆಸಬೇಕೆಂಬುದನ್ನು ಎತ್ತಿಹಿಡಿಯಿತು. ಆ ನಡುವಿನ ವಾರಗಳಲ್ಲಿ ಭಯವೂ ಇತ್ತು, ಹೇಗಾದರೂ ಒಮ್ಮೆ ಅಲ್ಲಿಗೆ ಹೋಗಿ ಬರಬೇಕೆಂಬ ಹಂಬಲವೂ ಇತ್ತು. ಎರಡೂ ಒಟ್ಟಿಗೇ ಇರಲು ಸಾಧ್ಯವೆಂದು ಆಗ ತಿಳಿಯಿತು. ಅಕ್ಟೋಬರ್ 19ರಂದು ಕ್ರಾಫರ್ಡ್ ಹಾಲಿನಲ್ಲಿ ನೂರನೆಯ ಘಟಿಕೋತ್ಸವ ನಡೆದಾಗ ಪ್ರಧಾನಿಯವರ ಭಾಷಣವೂ ಪರದೆಯ ಮೂಲಕವೇ ಬಂತು. ತುಂಬಿ ತುಳುಕಬೇಕಿದ್ದ ಸಭಾಂಗಣದಲ್ಲಿ ಕೆಲವೇ ಮಂದಿ ಇದ್ದುದನ್ನು ಮನೆಯಲ್ಲಿ ಕುಳಿತು ನೋಡುವಾಗ, ಅದು ನನ್ನ ಮನೆಯ ಶುಭಕಾರ್ಯವೇ ಎಂಬಷ್ಟು ಸಂಕಟವಾಯಿತು.

ಉತ್ತರ (ಪದವಿ ಕಾಲೇಜಿನ ಅಧ್ಯಾಪಕಿ):

ಮೂವರ ಮಾತೂ ನನ್ನ ಮನಸ್ಸನ್ನು ತಟ್ಟಿತು. ಅದೇ ಕಾರಣಕ್ಕೆ ಒಂದು ವಿಷಯವನ್ನು ಸೇರಿಸಲೇಬೇಕು. ಮಮತೆಯನ್ನು ಬರೆದು ಹೇಳಬಲ್ಲವರು ಓದನ್ನು ಮುಗಿಸಿದವರು. ಮನೆಗೆಲ್ಲ ಒಂದೇ ಫೋನಿದ್ದು ಅದು ತಮ್ಮನ ಪಾಲಾದ ಹುಡುಗಿಯರು, ತಂದೆಯ ದುಡಿಮೆ ನಿಂತದ್ದರಿಂದ ಗಾರೆ ಕೆಲಸಕ್ಕೆ ಹೋದ ಹುಡುಗರು, ಲಾಕ್‌ಡೌನಿನಲ್ಲಿ ಕಡಿಮೆ ಖರ್ಚಿನಲ್ಲಿ ಆಗಿಹೋಗಲಿ ಎಂದು ಮದುವೆ ಮಾಡಿ ಕಳುಹಿಸಿಬಿಟ್ಟವರು, ಇವರೂ ನಮ್ಮ ಹಾಜರಿ ಪುಸ್ತಕದಲ್ಲಿದ್ದರು. ಆಂತರಿಕ ಅಂಕ ಮತ್ತು ಹಿಂದಿನ ಸೆಮಿಸ್ಟರಿನ ಅಂಕಗಳನ್ನು ಕೂಡಿಸಿ ಮುಂದಿನ ತರಗತಿಗೆ ಕಳುಹಿಸುವ ವ್ಯವಸ್ಥೆ ಹಲವರನ್ನು ಉಳಿಸಿತು, ನಿಜ. ಆದರೆ ತರಗತಿಗೇ ಮರಳದವರನ್ನು ಯಾವ ಸೂತ್ರವೂ ಕರೆತರಲಾರದು. ಪ್ರಶ್ನೆ ಕೇಳಿದವರು ತಮ್ಮ ಸಹಪಾಠಿಗಳಲ್ಲಿ ಯಾರು ನಡುವೆಯೇ ಬಿಟ್ಟರು ಎಂದು ಒಮ್ಮೆ ವಿಚಾರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ವಿಭಾಗದಿಂದಲೇ ಬೆಳೆದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಅಲ್ಲೇ, ಮುಕ್ತಗಂಗೋತ್ರಿಯಲ್ಲಿದೆ. ಸಂಸಾರದ ನಡುವೆ ಓದುವವರಿಗೆ ಆ ದಾರಿ ಇದೆ.

ಪ್ರಶ್ನೆ ಕೇಳಿದವರ ಮರುನುಡಿ:

ಎಲ್ಲರಿಗೂ ಕೃತಜ್ಞತೆಗಳು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳತಿ ಎರಡನೆಯ ಅಲೆಯ ನಂತರ ಮರಳಲಿಲ್ಲ. ನಮ್ಮ ತರಗತಿಯಲ್ಲಿ ಹಳಗನ್ನಡವನ್ನು ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ಅವಳೇ. ಇಂದು ಅವಳಿಗೆ ಫೋನ್ ಮಾಡಿದೆ. ಮುಕ್ತ ವಿಶ್ವವಿದ್ಯಾನಿಲಯದ ಪ್ರವೇಶ ಯಾವಾಗ, ಶುಲ್ಕವೆಷ್ಟು, ಮಗುವನ್ನು ಬಿಟ್ಟು ಎಷ್ಟು ದಿನ ಮೈಸೂರಿಗೆ ಬರಬೇಕಾಗುತ್ತದೆ ಎಂದು ಅವಳು ಕೇಳಿದ್ದಾಳೆ. ವಿಚಾರಿಸಿ ನಾಳೆ ತಿಳಿಸುವೆನೆಂದು ಹೇಳಿದ್ದೇನೆ. ಧ್ವನಿಮುದ್ರಿತ ಪದ್ಯಗಳನ್ನು ಈಗಾಗಲೇ ಕಳುಹಿಸಿದ್ದೇನೆ.