ಶನಿವಾರದ ಪ್ರಶ್ನೋತ್ತರ: ಮನೆಯಲ್ಲಿ ನಾಯಿಮರಿ, ಮಡಿಲಲ್ಲಿ ಉಲ್ಲನ್

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ನಮ್ಮ ಹೆಣಿಗೆ ಗುಂಪಿನ ತುಂಬಾ ಮನೆಗಳಿಗೆ ನಾಯಿಮರಿ ಬಂದಿವೆ. ಉಲ್ಲನ್ ಉಂಡೆ ಹರಿಯಿತು, ಕಡ್ಡಿ ಕಡಿಯಿತು ಅಂತ ದಿನಾ ಯಾರಾದರೂ ಬರೆಯುತ್ತಿದ್ದೀರಿ. ಅದಕ್ಕೇ ಇವತ್ತು ಒಬ್ಬ ಪಶುವೈದ್ಯೆ ನಮ್ಮ ಜೊತೆ ಇದ್ದಾರೆ. ಮರಿಯ ವಯಸ್ಸು ಮತ್ತು ಲಸಿಕೆಯ ವಿಷಯ ಸೇರಿಸಿ ಕೇಳಿ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಮಲ್ಲಿಗೆ ಮನೆ: ನಮಸ್ತೆ ಮೇಡಂ. ನಮ್ಮ ಮರಿಗೆ ಏಳು ವಾರ. ಲಸಿಕೆ ಯಾವಾಗ ಶುರು ಮಾಡಬೇಕು?

ಡಾಕ್ಟರ್: ನಮಸ್ತೆ. ಈಗಲೇ. ಮೊದಲನೆಯದು 6ರಿಂದ 8 ವಾರದೊಳಗೆ ಆಗಬೇಕು. ಆಮೇಲೆ 3-4 ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ರೇಬೀಸ್ ಲಸಿಕೆ 3 ತಿಂಗಳಿಗೆ. ಜಂತುಹುಳದ ಔಷಧವನ್ನೂ ಅದೇ ಭೇಟಿಯಲ್ಲಿ ಕೇಳಿ. ಲಸಿಕೆ ಮುಗಿಯುವ ತನಕ ಬೀದಿಯಲ್ಲಿ, ಪಾರ್ಕಿನಲ್ಲಿ ಇಳಿಸಬೇಡಿ. ಪಾರ್ವೋ ಅನ್ನುವ ವಾಂತಿ-ಭೇದಿ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಬ್ರೂನೋ ಅಮ್ಮ: ಮೇಡಂ, ಬ್ರೂನೋ ನಾಲ್ಕೂವರೆ ತಿಂಗಳ ಲ್ಯಾಬ್ರಡಾರ್. ನಾನು ಹೆಣೆಯಲು ಕೂತರೆ ಸಾಕು, ಬಂದು ಬಿದಿರಿನ ಕಡ್ಡಿಯನ್ನೇ ಕಚ್ಚುತ್ತಾನೆ. ಬೈದರೆ ಇನ್ನೂ ಆಟ. ಏನು ಮಾಡಲಿ?

ಡಾಕ್ಟರ್: ಹಾಲು ಹಲ್ಲು ಬೀಳುವ ವಯಸ್ಸು ಅದು. 28 ಹಾಲು ಹಲ್ಲು ಹೋಗಿ 42 ಹಲ್ಲು ಬರಬೇಕು. ಆರೇಳು ತಿಂಗಳವರೆಗೆ ವಸಡು ನವೆಯಾಗುತ್ತದೆ, ಕಚ್ಚಿಯೇ ಕಚ್ಚುತ್ತಾನೆ. ನೀವು ಕೂರುವ ಮೊದಲು ಅವನಿಗೆ ಗಟ್ಟಿ ರಬ್ಬರ್ ಆಟಿಕೆ ಕೊಡಿ. ಕಡ್ಡಿ ಹಿಡಿದರೆ ಎಳೆದಾಡಬೇಡಿ, ಅವನಿಗೆ ಅದೇ ಆಟವಾಗುತ್ತದೆ. ಬಿದಿರು ಸಿಬಿರೆದ್ದು ಅಂಗುಳಿಗೆ ಚುಚ್ಚುತ್ತದೆ. ಸೀಳು ಬಿಟ್ಟ ಕಡ್ಡಿಯನ್ನು ಎಸೆದುಬಿಡಿ.

ಸೋಮವಾರಪೇಟೆ ಅಕ್ಕ: ಮೇಡಂ, ದಯವಿಟ್ಟು ಬೇಗ ನೋಡಿ. ನಮ್ಮದು ಮೂರು ತಿಂಗಳ ನಾಡು ಮರಿ, ಹೆಸರು ಕರಿಯ. ಯಜಮಾನರ ಸ್ವೆಟರ್ ತೋಳು ಹೆಣೆದು ಮಂಚದ ಮೇಲೆ ಇಟ್ಟಿದ್ದೆ. ನಿನ್ನೆ ಸಂಜೆ ನೋಡಿದರೆ ಅರ್ಧ ಬಿಚ್ಚಿಹೋಗಿದೆ, ದಾರ ಸುಮಾರಷ್ಟು ಕಾಣಿಸುತ್ತಿಲ್ಲ. ರಾತ್ರಿ ಊಟ ಬಿಟ್ಟ. ಬೆಳಿಗ್ಗೆಯಿಂದ ಹಳದಿ ನೀರು ವಾಂತಿ ಮಾಡುತ್ತಿದ್ದಾನೆ. ಈಗ ಹಿಂದಿನಿಂದ ಒಂದು ಗೇಣು ದಾರ ನೇತಾಡುತ್ತಿದೆ. ಮೆಲ್ಲಗೆ ಎಳೆದು ತೆಗೆಯಬಹುದಾ?

ಹಳೇ ಮೇಷ್ಟ್ರು: ಕೈಗೆ ಎಣ್ಣೆ ಹಚ್ಚಿಕೊಂಡು ನಿಧಾನ ಎಳೆಯಮ್ಮಾ, ಬಂದುಬಿಡುತ್ತದೆ.

ಡಾಕ್ಟರ್: ಎಳೆಯಬೇಡಿ! ಅಕ್ಕಾ, ಯಾರು ಏನೇ ಹೇಳಲಿ, ಎಳೆಯಬೇಡಿ.

ಯಾಕೆ ಅಂತ ಹೇಳುತ್ತೇನೆ. ನಾಯಿ ನುಂಗಿದ ದಾರದ ಒಂದು ತುದಿ ಗಂಟಾಗಿ, ಕರುಳು ಶುರುವಾಗುವ ಕಡೆ ಇರುವ ಜಠರದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವೊಮ್ಮೆ ನಾಲಿಗೆಯ ಬುಡಕ್ಕೂ ಸುತ್ತಿಕೊಳ್ಳುತ್ತದೆ. ಇನ್ನೊಂದು ತುದಿಯನ್ನು ಕರುಳು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ದಾರ ಬಿಗಿಯಾಗುತ್ತದೆ. ಲಂಗಕ್ಕೆ ಲಾಡಿ ಎಳೆದಾಗ ಬಟ್ಟೆ ನೆರಿಗೆ ಬೀಳುತ್ತದಲ್ಲ, ಕರುಳು ಹಾಗೆ ದಾರದ ಮೇಲೆ ನೆರಿಗೆಯಾಗುತ್ತದೆ. ಆ ಬಿಗಿದ ದಾರ ಒಳಗಿನಿಂದ ಕರುಳನ್ನು ಕೊಯ್ಯುತ್ತದೆ. ಹೊರಗಿನಿಂದ ನೀವು ಎಳೆದರೆ ಆ ಕೊಯ್ತ ಜಾಸ್ತಿಯಾಗುತ್ತದೆ. ಒಂದೇ ಕಡೆ ಅಲ್ಲ, ಸಾಲಾಗಿ ತೂತು ಬೀಳಬಹುದು. ಕರುಳಿನ ಕೊಳೆ ಹೊಟ್ಟೆಯೊಳಗೆ ಸೋರಿದರೆ ಮರಿಯನ್ನು ಉಳಿಸಿಕೊಳ್ಳುವುದು ತುಂಬಾ ಕಷ್ಟ.

ಈಗಲೇ ಹೇಳಿ. ಹೊಟ್ಟೆ ಮುಟ್ಟಿದರೆ ಮುದುಡಿಕೊಳ್ಳುತ್ತಾನಾ? ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತಾನಾ? ವಸಡು ಕೆಂಪಗಿದೆಯಾ, ಬಿಳಿಚಿದೆಯಾ? ದಾರದ ಜೊತೆ ಹೊಲಿಗೆ ಸೂಜಿ ಇತ್ತಾ? ತೋಳು ಜೋಡಿಸಲು ಸೂಜಿ ಹಾಕಿಟ್ಟಿದ್ದಿರಾ, ನೆನಪು ಮಾಡಿಕೊಳ್ಳಿ.

ಸೋಮವಾರಪೇಟೆ ಅಕ್ಕ: ಸೂಜಿ ಇರಲಿಲ್ಲ, ಡಬ್ಬಿಯಲ್ಲಿ ಇದೆ, ನೋಡಿದೆ. ಹೊಟ್ಟೆ ಮುಟ್ಟಲು ಬಿಡುತ್ತಿಲ್ಲ. ಹೌದು ಮೇಡಂ, ನೀವು ಹೇಳಿದ ಹಾಗೇ ನಿಲ್ಲುತ್ತಾನೆ. ನಾನು ಆಟ ಅಂದುಕೊಂಡಿದ್ದೆ.

ಡಾಕ್ಟರ್: ಅದು ಹೊಟ್ಟೆನೋವು. ಹೊರಡಿ. ದಾರ ಕಾಲಿಗೆ ಸಿಕ್ಕುವಷ್ಟು ಉದ್ದ ಇದ್ದರೆ ನಾಲ್ಕು ಬೆರಳಷ್ಟು ಬಿಟ್ಟು ಕತ್ತರಿಸಿ, ಅಷ್ಟೇ. ಊಟ, ಹಾಲು, ಔಷಧ ಏನೂ ಬೇಡ. ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಬೆಚ್ಚಗೆ ಸುತ್ತಿಕೊಳ್ಳಿ. ಸ್ಕ್ಯಾನಿಂಗ್ ಮತ್ತು ಆಪರೇಷನ್ ಎರಡೂ ಇರುವ ಕಡೆಗೇ ಹೋಗಿ. ಬರೀ ಎಕ್ಸ್‌ರೇ ತೆಗೆದು ‘ಏನೂ ಕಾಣುತ್ತಿಲ್ಲ’ ಅಂದರೆ ಸಮಾಧಾನಪಡಬೇಡಿ. ಉಲ್ಲನ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕರುಳು ಒಂದು ಕಡೆ ಗುಂಪಾಗಿರುವುದು, ಗಾಳಿಗುಳ್ಳೆಗಳು ಒಂದು ತರಹ ಇರುವುದು, ಅದನ್ನು ನೋಡಿ ತಿಳಿಯಬೇಕು. ನಿಮಗೆ ಹಾಸನದ ವೆಟರ್ನರಿ ಕಾಲೇಜು ಹತ್ತಿರ ಅಲ್ವಾ? ಹೊರಡುವ ಮೊದಲು ಫೋನ್ ಮಾಡಿ, ಸರ್ಜನ್ ಇದ್ದಾರಾ ಕೇಳಿ.

ಕ್ರೋಶ ಕೈ: ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೆ ವ್ಯಾನ್ ಬರುತ್ತದಲ್ಲ ಮೇಡಂ?

ಡಾಕ್ಟರ್: ಈ ಆಪರೇಷನ್ ವ್ಯಾನಿನಲ್ಲಿ ಆಗುವುದಿಲ್ಲ. ಕಾಯುತ್ತಾ ಕೂರುವುದು ಬೇಡ.

ಹಸಿರು ಬಾಗಿಲು: ನನಗೆ ಬಂದಿದ್ದು, ಎಲ್ಲರಿಗೂ ಉಪಯೋಗವಾಗಲಿ. “ನಾಯಿ ದಾರ ಅಥವಾ ಪ್ಲಾಸ್ಟಿಕ್ ನುಂಗಿದರೆ ಎರಡು ಚಮಚ ಉಪ್ಪು ನೀರಿನಲ್ಲಿ ಕಲಸಿ ಕುಡಿಸಿ, ವಾಂತಿಯಾಗುತ್ತದೆ. ಆಗದಿದ್ದರೆ ಹರಳೆಣ್ಣೆ ಮತ್ತು ಬಾಳೆಹಣ್ಣು. ಡಾಕ್ಟರ ಖರ್ಚು ಉಳಿಸಿ.”

ಡಾಕ್ಟರ್: ಇದನ್ನು ಯಾರೂ ಮಾಡಬೇಡಿ. ಮರಿಗೆ ಅಷ್ಟು ಉಪ್ಪು ಹೋದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರುತ್ತದೆ, ಸಾಯಲೂಬಹುದು. ಹರಳೆಣ್ಣೆ ಕರುಳನ್ನು ಜೋರಾಗಿ ಹಿಂಡುತ್ತದೆ. ದಾರ ಬಿಗಿದಿರುವಾಗ ಕರುಳು ಹಿಂಡಿದರೆ ಏನಾಗುತ್ತದೆ ಅಂತ ಈಗಷ್ಟೇ ಬರೆದಿದ್ದೇನೆ. ಇಂಥ ಮೆಸೇಜ್ ನಂಬಿ ಎರಡು ದಿನ ಮನೆಯಲ್ಲೇ ಇಟ್ಟುಕೊಂಡು ತಂದ ಮರಿಗಳ ಹೊಟ್ಟೆ ಕೊಯ್ದಿದ್ದೇನೆ. ಎಲ್ಲವನ್ನೂ ಉಳಿಸಲು ಆಗಲಿಲ್ಲ. ಅಡ್ಮಿನ್, ಈ ಪೋಸ್ಟ್ ತೆಗೆಯಿರಿ.

ಹಸಿರು ಬಾಗಿಲು: ಒಳ್ಳೆಯದಾಗಲಿ ಅಂತಲೇ ಹಾಕಿದ್ದು ಮೇಡಂ.

ಡಾಕ್ಟರ್: ಗೊತ್ತು. ಆದರೂ ತೆಗೆಯಿರಿ.

ಹಳೇ ಮೇಷ್ಟ್ರು: ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಾಯಿ ಇವೆ. ಚಿಂದಿ, ಹಗ್ಗ, ಮೂಳೆ ಎಲ್ಲ ತಿಂದು ಅರಗಿಸಿಕೊಂಡಿವೆ. ಈಗಿನವರು ಎಲ್ಲದಕ್ಕೂ ಸ್ಕ್ಯಾನಿಂಗ್ ಅನ್ನುತ್ತಾರೆ.

ಡಾಕ್ಟರ್: ಹಗ್ಗ, ಚಿಂದಿ ಯಾವುದೂ ಅರಗುವುದಿಲ್ಲ ಮೇಷ್ಟ್ರೇ. ಪುಣ್ಯವಿದ್ದರೆ ಹಾಗೇ ಹೊರಗೆ ಬರುತ್ತದೆ. ಬರದಿದ್ದ ನಾಯಿ ಕೊಟ್ಟಿಗೆ ಹಿಂದೆ ಸತ್ತಿರುತ್ತಿತ್ತು, ‘ಯಾರೋ ವಿಷ ಹಾಕಿದರು’ ಅನ್ನುತ್ತಿದ್ದರು. ಹೊಟ್ಟೆ ಬಿಚ್ಚಿ ನೋಡಿದವರು ಯಾರು?

ಗುಂಡು ಪಾಪು: ಮೇಡಂ ಲಸಿಕೆ ಎಷ್ಟು ವಾರಕ್ಕೆ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಕ್ರೋಶ ಕೈ: ಅಕ್ರಿಲಿಕ್ ಬದಲು ಹತ್ತಿ ದಾರ ಬಳಸಿದರೆ ಪರವಾಗಿಲ್ವಾ? ಹತ್ತಿ ಸಸ್ಯದ್ದು ತಾನೇ.

ಡಾಕ್ಟರ್: ಇಲ್ಲ. ಹತ್ತಿ, ಕುರಿ ಉಣ್ಣೆ, ಅಕ್ರಿಲಿಕ್ ಮೂರೂ ಒಂದೇ. ತೆಳುವಾದ ಹತ್ತಿ ದಾರ ಇನ್ನೂ ಚೆನ್ನಾಗಿ ಕೊಯ್ಯುತ್ತದೆ.

ಮಲ್ಲಿಗೆ ಮನೆ: ನಾನು ಮರಿಗೊಂದು ಸ್ವೆಟರ್ ಹೆಣೆಯುತ್ತಿದ್ದೇನೆ. ನಾವು ಬೆಂಗಳೂರು. ಹಾಕಬಹುದಾ?

ಹುಬ್ಬಳ್ಳಿ ಹಸ್ಕಿ: ಹಾಕಿರಿ ಮೇಡಂ, ಫೋಟೋಕ್ಕ ಭಾಳ ಚೆಂದ ಕಾಣ್ತದ.

ಬ್ರೂನೋ ಅಮ್ಮ: ನಾಯಿಗೆ ದೇವರು ಕೊಟ್ಟ ತುಪ್ಪಳ ಇರುವಾಗ ಸ್ವೆಟರ್ ಯಾಕೆ? ಫೋಟೋ ಹುಚ್ಚು.

ಮಲ್ಲಿಗೆ ಮನೆ: ಪ್ರೀತಿಯಿಂದ ಹೆಣೆಯುವುದಕ್ಕೂ ಹುಚ್ಚು ಅನ್ನಬೇಕಾ?

ಬ್ರೂನೋ ಅಮ್ಮ: ನಿಮಗೆ ಅಂದಿದ್ದಲ್ಲ. ಹುಬ್ಬಳ್ಳಿ ಬಿಸಿಲಿನಲ್ಲಿ ಹಿಮದ ನಾಯಿ ಸಾಕುವವರಿಗೆ ಅಂದಿದ್ದು.

ಹುಬ್ಬಳ್ಳಿ ಹಸ್ಕಿ: ನಮ್ಮ ನಾಯಿಗೆ ಎಸಿ ರೂಮ್ ಐತ್ರಿ. ನಿಮ್ಮ ಬ್ರೂನೋಗ ಕೂಲರ್ ಆದ್ರೂ ಐತೇನು?

ಬ್ರೂನೋ ಅಮ್ಮ: ಕರೆಂಟ್ ಹೋದಾಗ ಏನು ಮಾಡುತ್ತೀರಿ? ಬೀದಿಯಲ್ಲಿ ಎಷ್ಟು ನಾಡು ಮರಿಗಳಿವೆ, ಒಂದನ್ನು ತರಲು ಆಗಲಿಲ್ವಾ?

ಹುಬ್ಬಳ್ಳಿ ಹಸ್ಕಿ: ನೀವೂ ಲ್ಯಾಬ್ ತಂದೀರಿ. ನನಗ ಪಾಠ ಬ್ಯಾಡ್ರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇದು ನಾಯಿಯ ಜಾತಿ ಜಗಳದ ಜಾಗ ಅಲ್ಲ.

ಡಾಕ್ಟರ್: ಸ್ವೆಟರ್ ಬಗ್ಗೆ. ಬೆಂಗಳೂರಿನ ಹವೆಗೆ ಆರೋಗ್ಯವಾದ ಮರಿಗೆ ಬೇಕಾಗಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುತ್ತದೆ. ಕೊಡಗಿನ ಮಳೆಯಲ್ಲಿ, ತೆಳು ಕೂದಲಿನ ಪುಟ್ಟ ಮರಿಗೆ, ನೀವು ಎದುರಿಗಿರುವಾಗ ಹಾಕಬಹುದು. ಬಿಗಿ ಬೇಡ. ಜಾಲರಿ ಹೆಣಿಗೆ ಬೇಡ, ಉಗುರು ಸಿಕ್ಕುತ್ತದೆ. ಗುಂಡಿ, ಗೊಂಡೆ ಇಡಬೇಡಿ. ಒದ್ದೆಯಾದರೆ ತಕ್ಷಣ ತೆಗೆಯಿರಿ. ರಾತ್ರಿ ಹಾಕಿ ಮಲಗಿಸಬೇಡಿ, ಅಂಚು ಕಡಿದು ದಾರ ಬಿಚ್ಚುತ್ತದೆ. ಹುಬ್ಬಳ್ಳಿಯವರೇ, ಹಸ್ಕಿಗೆ ಸ್ವೆಟರ್ ಬೇಡವೇ ಬೇಡ.

ನೀಲಿ ನೂಲು: ಮೇಡಂ, ಎರಡು ತಿಂಗಳ ಮರಿ, ಇನ್ನೂ ಲಸಿಕೆ ಆಗಿಲ್ಲ. ಬೀದಿಯಿಂದ ತಂದಿದ್ದು. ಉಲ್ಲನ್ ಕಸಿದುಕೊಳ್ಳುವಾಗ ಮಗಳ ಬೆರಳಿಗೆ ಹಲ್ಲು ತಾಗಿ ರಕ್ತ ಬಂತು. ಅತ್ತೆ ಸುಣ್ಣ, ಅರಿಶಿನ ಹಚ್ಚಿದ್ದಾರೆ. ಪುಟ್ಟ ಮರಿ, ಏನೂ ಆಗಲ್ಲ ಅನ್ನುತ್ತಾರೆ.

ಡಾಕ್ಟರ್: ಸುಣ್ಣ, ಅರಿಶಿನ ತೊಳೆಯಿರಿ. ನಲ್ಲಿ ನೀರು ಬಿಟ್ಟು ಸೋಪಿನಿಂದ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಬ್ಯಾಂಡೇಜ್ ಬೇಡ. ಇವತ್ತೇ ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರೇಬೀಸ್ ಲಸಿಕೆಯ ಜೊತೆ, ರಕ್ತ ಬಂದ ಗಾಯಕ್ಕೆ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ತಕ್ಷಣದ ರಕ್ಷಣೆಯ ಇಂಜೆಕ್ಷನ್ ಬಗ್ಗೆಯೂ ಕೇಳಿ. ಹೇಳಿದ ದಿನಗಳಂದೇ ಹೋಗಿ ಪೂರ್ತಿ ಮಾಡಿಸಿ. ಪುಟ್ಟ ಮರಿಗೂ ರೇಬೀಸ್ ಇರಬಹುದು. ರೋಗದ ಲಕ್ಷಣ ಶುರುವಾದ ಮೇಲೆ ಔಷಧವಿಲ್ಲ. ಅತ್ತೆಯವರಿಗೆ ನನ್ನ ಈ ಮೆಸೇಜನ್ನೇ ಓದಿ ಹೇಳಿ.

ನೀಲಿ ನೂಲು: ಸರಿ ಮೇಡಂ, ಹೊರಟೆವು.

ಹಸಿರು ಬಾಗಿಲು: ನಾಟಿ ಔಷಧ ಎಲ್ಲವೂ ತಪ್ಪು ಅನ್ನುವುದು ಸರಿಯಲ್ಲ. ಅರಿಶಿನ ನಂಜು ತೆಗೆಯುತ್ತದೆ ಅಂತ ಎಲ್ಲರಿಗೂ ಗೊತ್ತು.

ಡಾಕ್ಟರ್: ರೇಬೀಸ್‌ಗೆ ಆಗುವುದಿಲ್ಲ. ಮಗುವಿನ ಜೀವದ ವಿಷಯದಲ್ಲಿ ವಾದ ಮಾಡಲು ನನಗೆ ಇಷ್ಟವಿಲ್ಲ.

ಪುಟಾಣಿ ಪಗ್: ಯಾವ ಕಂಪನಿಯ ಫುಡ್ ಒಳ್ಳೆಯದು ಮೇಡಂ?

ಹೊಸ ಕಡ್ಡಿ: ಮೂರು ತಿಂಗಳ ಮರಿಗೆ ಜ್ವರ ಇದ್ದ ಹಾಗಿದೆ. ಮನೆಯಲ್ಲಿ ಪ್ಯಾರಾಸಿಟಮಾಲ್ ಇದೆ. ಕಾಲು ಮಾತ್ರೆ ಕೊಡಲಾ?

ಡಾಕ್ಟರ್: ಬೇಡ. ಮನುಷ್ಯರ ಜ್ವರದ, ನೋವಿನ ಮಾತ್ರೆ ಯಾವುದೂ ಬೇಡ. ಲಿವರ್ ಹಾಳಾಗುತ್ತದೆ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿ. ಮುಟ್ಟಿ ನೋಡಿ ಜ್ವರ ಅನ್ನಬೇಡಿ. ಊಟ ಬಿಟ್ಟಿದ್ದರೆ ಡಾಕ್ಟರಿಗೆ ತೋರಿಸಿ.

ಗುಂಡು ಪಾಪು: ಮೇಡಂ, ಲಸಿಕೆ ಹಾಕಿಸುವ ಮೊದಲು ಸ್ನಾನ ಮಾಡಿಸಬಹುದಾ? ಲಸಿಕೆ ಎಷ್ಟು ವಾರಕ್ಕೆ ಅಂದಿರಿ?

ಡಾಕ್ಟರ್: ಮೇಲೆ ನೋಡಿ.

ಗುಂಡು ಪಾಪು: ಇಷ್ಟು ಸಿಡುಕಿದರೆ ಕೇಳುವುದು ಹೇಗೆ?

ಕ್ರೋಶ ಕೈ: ಮೇಲೆ ಇದೆ ಅಂತ ಎರಡು ಸಲ ಹೇಳಿದ್ದಾರೆ. ಓದಿಕೊಳ್ಳಿ.

ಸೋಮವಾರಪೇಟೆ ಅಕ್ಕ: ಮೇಡಂ, ಹಾಸನಕ್ಕೆ ಬಂದೆವು. ಸ್ಕ್ಯಾನಿಂಗ್ ಆಯಿತು. ಕರುಳು ಗುಂಪಾಗಿದೆ ಅಂದರು. ಆಪರೇಷನ್‌ಗೆ ತೆಗೆದುಕೊಂಡಿದ್ದಾರೆ.

ಡಾಕ್ಟರ್: ಒಳ್ಳೆಯದಾಯಿತು, ತಡ ಮಾಡಲಿಲ್ಲ. ಮುಗಿದ ಮೇಲೆ ಎರಡು ವಿಷಯ ಕೇಳಿ ಬರೆಯಿರಿ: ದಾರ ಎಲ್ಲಿ ಸಿಕ್ಕಿತ್ತು, ಕರುಳಿಗೆ ತೂತು ಬಿದ್ದಿತ್ತಾ.

ಹಳೇ ಮೇಷ್ಟ್ರು: ಮರಿ ಹುಷಾರಾಗಲಿ ತಾಯಿ.

ಸೋಮವಾರಪೇಟೆ ಅಕ್ಕ: ಆಯಿತು ಮೇಡಂ. ಜಠರದ ಬಾಯಲ್ಲೇ ಗಂಟಾಗಿತ್ತಂತೆ. ಕರುಳನ್ನು ಎರಡು ಕಡೆ ಕೊಯ್ದು ದಾರ ತೆಗೆದರು. ತೂತು ಬಿದ್ದಿಲ್ಲ, ಕೆಂಪಾಗಿದೆ ಅಷ್ಟೇ. ಡ್ರಿಪ್ ಹಾಕಿದ್ದಾರೆ. ಕಣ್ಣು ಬಿಟ್ಟಿದ್ದಾನೆ.

ಡಾಕ್ಟರ್: ತುಂಬಾ ಸಂತೋಷ ಅಕ್ಕಾ. ಆದರೆ ಮನೆಗೆ ಕರೆತಂದ ಮೇಲೂ ಹುಷಾರು. ಹೊಲಿಗೆ ಸಡಿಲವಾಗುವುದಿದ್ದರೆ ಜಾಸ್ತಿ ಸಲ ಮೂರರಿಂದ ಐದನೇ ದಿನದೊಳಗೆ ಆಗುತ್ತದೆ. ಮತ್ತೆ ವಾಂತಿ, ಊಟ ಬಿಡುವುದು, ಸುಮ್ನೆ ಮೂಲೆಯಲ್ಲಿ ಮಲಗುವುದು ಕಂಡರೆ ಇಲ್ಲಿ ಬರೆಯಬೇಡಿ, ನೇರ ಅಲ್ಲಿಗೇ ಹೋಗಿ. ಊಟ ಮೆತ್ತಗೆ, ಸ್ವಲ್ಪ ಸ್ವಲ್ಪ, ಅಲ್ಲಿಯವರು ಹೇಳಿದಂತೆ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಹಾಕಿದ ಕೋನ್ ತೆಗೆಯಬೇಡಿ, ಪಾಪ ಅನ್ನಿಸಿದರೂ ತೆಗೆಯಬೇಡಿ.

ಸೋಮವಾರಪೇಟೆ ಅಕ್ಕ: ಇನ್ನು ಮೇಲೆ ಹೆಣಿಗೆಯನ್ನೇ ಬಿಡೋಣ ಅನ್ನಿಸುತ್ತಿದೆ ಮೇಡಂ.

ಡಾಕ್ಟರ್: ಯಾಕೆ ಬಿಡಬೇಕು? ಬಿಡಬೇಡಿ. ಉಲ್ಲನ್ ಉಂಡೆಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ತೂತು ಮಾಡಿ ದಾರ ಹೊರಗೆ ತೆಗೆದುಕೊಳ್ಳಿ. ಕತ್ತರಿಸಿದ ತುಂಡುಗಳನ್ನು ಆಗಿಂದಾಗಲೇ ಇನ್ನೊಂದು ಡಬ್ಬಿಗೆ ಹಾಕಿ. ಫೋನ್ ಬಂತು ಅಂತ ಎದ್ದರೂ ಹೆಣಿಗೆಯನ್ನು ಬೀರುವಿನೊಳಗೆ ಇಟ್ಟೇ ಏಳಿ. ಮಂಚ, ಕುರ್ಚಿ ಮರಿಗೆ ಎಟುಕುತ್ತದೆ. ಸೂಜಿಗಳನ್ನು ಎಣಿಸಿ ಒಳಗಿಡಿ. ದಾರ ಪೋಣಿಸಿದ ಸೂಜಿಯೇ ಎಲ್ಲಕ್ಕಿಂತ ಅಪಾಯ, ದಾರದ ಆಸೆಗೆ ಸೂಜಿಯನ್ನೂ ನುಂಗುತ್ತವೆ. ಇದು ಎಲ್ಲರಿಗೂ ಹೇಳುತ್ತಿದ್ದೇನೆ.

ಅಡ್ಮಿನ್: ಮೇಡಂ ಈಗ ಕ್ಲಿನಿಕ್‌ಗೆ ಹೋಗಬೇಕಂತೆ. ಹೊಸ ಪ್ರಶ್ನೆ ಬೇಡ. ಉಪ್ಪು ನೀರಿನ ಪೋಸ್ಟ್ ತೆಗೆದಿದ್ದೇನೆ. ಮತ್ತೆ ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ.

ಹಸಿರು ಬಾಗಿಲು: ನಾನೇ ಹೋಗುತ್ತೇನೆ ಬಿಡಿ.

ಪುಟಾಣಿ ಪಗ್: ಫುಡ್ ಬಗ್ಗೆ ಯಾರೂ ಹೇಳಲೇ ಇಲ್ಲ.