ಅಪರಾಧಿಗೆ ಬರೀ ದಂಡ ಬಿದ್ದರೆ ಬಾಧಿತರು ಮೇಲ್ಮನವಿ ಸಲ್ಲಿಸಬಹುದೇ?

ಪ್ರಶ್ನೆ: ನನ್ನ ಅಣ್ಣ ಹೆಡ್ ಕಾನ್‌ಸ್ಟೇಬಲ್. ಕೆಲವು ವರ್ಷಗಳ ಹಿಂದೆ ರಾತ್ರಿ ವಾಹನ ತಪಾಸಣೆಯಲ್ಲಿದ್ದಾಗ ಕುಡಿದಿದ್ದ ಚಾಲಕನೊಬ್ಬ ಹೊಡೆದು ಅವರನ್ನು ಗಾಯಗೊಳಿಸಿದ. ಆರೋಪ ಸಾಬೀತಾದರೂ, ಇದು ಮೊದಲ ಅಪರಾಧವೆಂದು ನ್ಯಾಯಾಲಯವು ಈಚೆಗೆ ದಂಡವನ್ನಷ್ಟೇ ವಿಧಿಸಿ, ಅದರಲ್ಲಿ ಸಣ್ಣದೊಂದು ಮೊತ್ತವನ್ನು ಅಣ್ಣನಿಗೆ ಪರಿಹಾರವಾಗಿ ಕೊಡಿಸಿತು. ಅಂದಿನಿಂದ ಅವರು ರಸ್ತೆಯ ಕರ್ತವ್ಯವೇ ಬೇಡವೆಂದು ಠಾಣೆಯ ಬರವಣಿಗೆ ಕೆಲಸ ಕೇಳುತ್ತಿದ್ದಾರೆ. ಶಿಕ್ಷೆ ಹೆಚ್ಚಿಸುವಂತೆ ಅವರೇ ಮೇಲ್ಮನವಿ ಸಲ್ಲಿಸಬಹುದೇ?

ವಕೀಲರೊಬ್ಬರ ಉತ್ತರ: ಸಲ್ಲಿಸಲಾಗದು. ದಂಡ ಪ್ರಕ್ರಿಯಾ ಸಂಹಿತೆಯ 2009ರ ತಿದ್ದುಪಡಿಯು ಬಾಧಿತರಿಗೆ ಮೇಲ್ಮನವಿಯ ಹಕ್ಕು ಕೊಟ್ಟಿತಾದರೂ, ಅದು ಆರೋಪಿಯ ಖುಲಾಸೆ, ಕಡಿಮೆ ಗುರುತ್ವದ ಅಪರಾಧಕ್ಕೆ ಶಿಕ್ಷೆ, ಸಾಲದ ಪರಿಹಾರ ಎಂಬ ಮೂರು ಸಂದರ್ಭಗಳಿಗೆ ಮಾತ್ರ ಸೀಮಿತವಾಗಿದೆ. ಶಿಕ್ಷೆ ಸಾಲದೆಂಬುದು ಅದರಲ್ಲಿ ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆ ಅಧಿಕಾರ ಸರ್ಕಾರದ್ದು. ಆದ್ದರಿಂದ ಕಾಲಮಿತಿ ಮೀರುವ ಮೊದಲೇ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಮನವಿ ಕೊಡಿಸಿ. ಪುನರ್‌ಪರಿಶೀಲನಾ ಅರ್ಜಿಯ ದಾರಿಯೂ ಉಂಟು, ಆದರೆ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಕರ್ತವ್ಯನಿರತ ನೌಕರನನ್ನು ಗಾಯಗೊಳಿಸಿದರೆ ಆಗ ಜಾರಿಯಲ್ಲಿದ್ದ ಐಪಿಸಿಯ 332ನೇ ಕಲಮಿನಂತೆ ಗರಿಷ್ಠ 3 ವರ್ಷ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಕನಿಷ್ಠ ಶಿಕ್ಷೆಯೆಂಬುದೇ ಇಲ್ಲ.

ನಿವೃತ್ತ ಎಎಸ್‌ಐ ಒಬ್ಬರ ಉತ್ತರ: ಸರ್ಕಾರ ಮನಸ್ಸು ಮಾಡಿದರೆ ಫಲ ಸಿಗುತ್ತದೆ. ನಿರ್ಲಕ್ಷ್ಯದ ಚಾಲನೆಯಿಂದ ಸಾವು ಸಂಭವಿಸಿದ ಪ್ರಕರಣವೊಂದರಲ್ಲಿ ಅಲ್ಪ ದಂಡವನ್ನಷ್ಟೇ ಹಾಕಿದ್ದಾಗ, ಕರ್ನಾಟಕ ಸರ್ಕಾರ ಸಲ್ಲಿಸಿದ್ದ ಮೇಲ್ಮನವಿಯ ಮೇಲೆ ಸುಪ್ರೀಂ ಕೋರ್ಟ್ 1987ರಲ್ಲಿ ಅದನ್ನು 6 ತಿಂಗಳ ಕಠಿಣ ಸಜೆಗೆ ಏರಿಸಿತು. ನನ್ನ ಅನುಭವದಲ್ಲಿ, ಇಂಥ ತೀರ್ಪಿನ ಪೆಟ್ಟು ಗಾಯಾಳುವಿಗಿಂತ ಅವನ ಜೊತೆಯವರಿಗೆ ಹೆಚ್ಚು ತಾಗುತ್ತದೆ. ಮುಂದಿನ ತಪಾಸಣೆಯಲ್ಲಿ ಅವರು ಗಲಾಟೆ ಮಾಡುವವನನ್ನು ತಡೆಯದೆ ಬಿಟ್ಟು ಕಳಿಸುತ್ತಾರೆ, ಸಾರ್ವಜನಿಕರಂತೂ ಸಾಕ್ಷಿ ಹೇಳಲು ಬರುವುದನ್ನೇ ನಿಲ್ಲಿಸುತ್ತಾರೆ. ಅಲ್ಪ ಶಿಕ್ಷೆಗೆ ನ್ಯಾಯಾಧೀಶರು ವಿವರವಾದ ಕಾರಣ ಬರೆದಿದ್ದರೆ ನಮ್ಮವರು ಅದನ್ನು ಹೇಗೋ ಸಹಿಸುತ್ತಾರೆ. ಎರಡು ಸಾಲಿನಲ್ಲಿ ಮುಗಿಸಿದಾಗ ಸಹಿಸುವುದು ಕಷ್ಟ.

ಮತ್ತೊಬ್ಬರ ಉತ್ತರ: ಹಿರಿಯರ ನೋವು ನ್ಯಾಯವಾದದ್ದೇ, ಆದರೆ ಮೊದಲ ಬಾರಿ ತಪ್ಪಿದವನನ್ನು ಜೈಲಿಗೆ ಕಳಿಸದಿರುವುದು 1958ರ ಪ್ರೊಬೇಷನ್ (ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ) ಕಾಯ್ದೆಯೇ ಒಪ್ಪಿದ ನೀತಿ. ಅದೇ ಕಾಯ್ದೆಯ 5ನೇ ಕಲಮು ಬಾಧಿತರಿಗೆ ಪರಿಹಾರ ಕೊಡಿಸಬಹುದೆಂದೂ ಹೇಳುತ್ತದೆ, ಆ ಭಾಗ ಯಾರಿಗೂ ನೆನಪಾಗುವುದಿಲ್ಲ ಅಷ್ಟೇ. ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಇಂಥ ಹಲ್ಲೆಗೆ ಗರಿಷ್ಠ ಶಿಕ್ಷೆಯನ್ನು 5 ವರ್ಷಕ್ಕೆ ಏರಿಸಿದರೂ, ಅದು 2024ರ ಜುಲೈ 1ರ ನಂತರದ ಅಪರಾಧಗಳಿಗಷ್ಟೇ ಅನ್ವಯಿಸುತ್ತದೆ. ನಿಮ್ಮ ಅಣ್ಣನವರಿಗೆ ಕೊಡಿಸಿದ ಮೊತ್ತ ಸಾಲದೆಂದಾದರೆ, ಮೇಲಿನ ವಕೀಲರು ಹೇಳಿದ ಮೂರನೆಯ ಸಂದರ್ಭ ಅದೇ. ಚಿಕಿತ್ಸೆಯ ಬಿಲ್ಲುಗಳನ್ನು ಜೋಡಿಸಿಕೊಂಡು ಅಲ್ಲಿಂದ ಆರಂಭಿಸಿ.