ಮ್ಯಾಗ್ನೋಲಿಯಾ ಪ್ರಶ್ನೆಗಳಿದ್ದರೆ ಇಲ್ಲೇ ಕೇಳಿ (ಎಲೆ ಉದುರಿಸುವ ಜಾತಿಗಳು ಮಾತ್ರ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಿಂದ ಗುಂಪಿನಲ್ಲಿ ಮ್ಯಾಗ್ನೋಲಿಯಾ ಬಗ್ಗೆ ಬಿಡಿಬಿಡಿಯಾಗಿ ಪ್ರಶ್ನೆಗಳು ಬರುತ್ತಲೇ ಇವೆ. ನ್ಯೂಜೆರ್ಸಿಯಲ್ಲಿ ಮರಗಳ ಆರೈಕೆಯೇ ಕೆಲಸವಾಗಿರುವ ನಮ್ಮ ಅರ್ಬರಿಸ್ಟ್ ಮೇಡಂ ಈ ಜುಲೈ ವಾರಾಂತ್ಯ ಉತ್ತರ ಕೊಡಲು ಒಪ್ಪಿದ್ದಾರೆ. ಚಳಿಗಾಲದಲ್ಲಿ ಎಲೆ ಉದುರಿಸಿ, ವಸಂತದಲ್ಲಿ ಬೋಳು ಕೊಂಬೆ ಮೇಲೆ ಹೂ ಬಿಡುವ ಜಾತಿಗಳ ಬಗ್ಗೆ ಕೇಳಿ. ಫೋಟೋ ಹಾಕಿ. ಫಾರ್ವರ್ಡ್ ಹಾಕಬೇಡಿ.

ಎಡಿಸನ್ ಅಣ್ಣ: ಮೇಡಂ, ನಮ್ಮ ಸಾಸರ್ ಮ್ಯಾಗ್ನೋಲಿಯಾ ಈ ವರ್ಷ ಮೈತುಂಬ ಮೊಗ್ಗು ಹೊತ್ತಿತ್ತು. ನಾಲ್ಕು ಹೂ ಅರಳಿದ್ದವು ಅಷ್ಟೇ. ಒಂದು ಬೆಳಿಗ್ಗೆ ನೋಡಿದರೆ ಎಲ್ಲಾ ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿದ್ದವು. ಏನು ರೋಗ ಇದು?

ಅರ್ಬರಿಸ್ಟ್ ಮೇಡಂ: ನಮಸ್ಕಾರ. ರೋಗ ಅಲ್ಲ, ಹಿಮ. ಮುಚ್ಚಿದ ಮೊಗ್ಗಿಗೆ ತುಪ್ಪಳದ ಹೊದಿಕೆ ಇರುತ್ತದೆ, ಚಳಿ ತಡೆಯುತ್ತದೆ. ಬಣ್ಣ ಕಾಣಿಸಿಕೊಂಡ ಮೇಲೆ ರಾತ್ರಿ ಮೈನಸ್ 2 ಡಿಗ್ರಿಗೆ ಇಳಿದರೂ ಹೂ ಹೋಯಿತು. ಮರಕ್ಕೆ ಏನೂ ಆಗಿಲ್ಲ, ಮುಂದಿನ ವರ್ಷ ಬಿಡುತ್ತದೆ. ಫೋಟೋದಲ್ಲಿ ಮರ ದಕ್ಷಿಣದ ಗೋಡೆಗೆ ಒತ್ತಿಕೊಂಡಿದೆ. ಬಿಸಿಲು ಕಾದ ಗೋಡೆ ಮಾರ್ಚ್‌ನಲ್ಲೇ ಮೊಗ್ಗು ಎಬ್ಬಿಸುತ್ತದೆ, ಆಮೇಲೆ ಹಿಮ ಬಂದು ಸುಡುತ್ತದೆ. ಇನ್ನೂ ನೆಡದವರು ವಾಷಿಂಗ್ಟನ್‌ನ ನ್ಯಾಷನಲ್ ಅರ್ಬೊರೇಟಂ 1950ರ ದಶಕದಲ್ಲಿ ತಳಿ ಮಾಡಿದ ‘ಲಿಟಲ್ ಗರ್ಲ್’ ಗುಂಪಿನದು ನೋಡಿ: ಆ್ಯನ್, ಬೆಟ್ಟಿ, ಜೇನ್, ಸೂಸನ್, ಹೀಗೆ 8 ಇವೆ. ಒಂದೆರಡು ವಾರ ತಡವಾಗಿ ಅರಳುತ್ತವೆ, ಹಿಮದಿಂದ ಸಾಮಾನ್ಯವಾಗಿ ಪಾರಾಗುತ್ತವೆ. ಸಣ್ಣ ಅಂಗಳಕ್ಕೂ ಸಾಕು.

ಪ್ಲೇನ್ಸ್‌ಬರೋ: ನಮ್ಮಲ್ಲೂ ಮೊಗ್ಗು ಕಂದಾಯಿತು ಮೇಡಂ, ಫಂಗಸ್ ಇರಬಹುದಾ?

ಅರ್ಬರಿಸ್ಟ್ ಮೇಡಂ: ಹಿಮ. ಮೇಲಿನ ಉತ್ತರ ನೋಡಿ.

ಮಂಡ್ಯ ಹೈದ: ನಮ್ಮನೆಯವಳು ಹೋದ ಅಕ್ಟೋಬರ್‌ನಲ್ಲಿ ಪೊದೆ ಥರ ಗುಂಡಗೆ ಕತ್ತರಿಸಿದಳು. ಈ ಸಲ ಒಂದೂ ಹೂವಿಲ್ಲ. ಗೊಬ್ಬರ ಯಾವುದು ಹಾಕಲಿ?

ಅರ್ಬರಿಸ್ಟ್ ಮೇಡಂ: ಗೊಬ್ಬರ ಬೇಡ. ಮುಂದಿನ ವರ್ಷದ ಮೊಗ್ಗು ಬೇಸಿಗೆಯಲ್ಲೇ ಕೂತಿರುತ್ತದೆ. ಅಕ್ಟೋಬರ್‌ನಲ್ಲಿ ಕತ್ತರಿಸಿದರೆ ಹೂವನ್ನೇ ಕತ್ತರಿಸಿದ ಹಾಗೆ. ಕತ್ತರಿಸಲೇಬೇಕು ಅಂದರೆ ಹೂ ಮುಗಿದ ಕೂಡಲೇ, ಜೂನ್ ಒಳಗೆ, ಅದೂ ಸ್ವಲ್ಪ. ದಪ್ಪ ಕೊಂಬೆಯ ಗಾಯ ಈ ಮರದಲ್ಲಿ ಬೇಗ ಮುಚ್ಚಿಕೊಳ್ಳುವುದಿಲ್ಲ.

ಶಿರಸಿ ಸೊಸೆ: ಮೇಡಂ, ನಮ್ಮದು ವಿಚಿತ್ರ. ಹೋದ ವರ್ಷ ಕೊಂಡ ಮನೆ, ಡ್ರೈವ್‌ವೇ ಪಕ್ಕ ದೊಡ್ಡ ಮ್ಯಾಗ್ನೋಲಿಯಾ ಇದೆ. ಈಗ ಸ್ವಲ್ಪ ದಿನದಿಂದ ಕಾರಿನ ಮೇಲೆಲ್ಲಾ ಅಂಟು. ಮಳೆ ಇಲ್ಲದಿದ್ದರೂ ಮರದ ಕೆಳಗೆ ನಿಂತರೆ ಸಣ್ಣಗೆ ಜಿನುಗಿದ ಹಾಗೆ ಆಗುತ್ತದೆ. ಎಲೆ ಮೇಲೆ ಮಸಿ. ಕಣಜಗಳು ಮುತ್ತಿಕೊಂಡಿವೆ, ಮಗನಿಗೆ ಒಂದು ಕಚ್ಚಿತು. ಮನೆಯವರು ಕಣಜದ ಸ್ಪ್ರೇ ಹೊಡೆದರು, ಪಾತ್ರೆ ಸೋಪಿನ ನೀರಿನಲ್ಲಿ ಎಲೆ ತೊಳೆದರು. ಮತ್ತೆ ಅದೇ ಕಥೆ. ಎಡಗಡೆ ಎರಡು ಕೊಂಬೆಯಲ್ಲಿ ಎಲೆ ತೀರಾ ಸಣ್ಣ. ಕಡಿಸಿಬಿಡೋಣ ಅಂತಿದ್ದಾರೆ.

ಅರ್ಬರಿಸ್ಟ್ ಮೇಡಂ: ಕಡಿಸಬೇಡಿ. ಕಣಜದ ಸ್ಪ್ರೇ ಇನ್ನು ಮುಟ್ಟಬೇಡಿ. ಕೈಗೆ ಸಿಗುವ ಒಂದು ಎಳೆ ಕೊಂಬೆ ಬಗ್ಗಿಸಿ, ಅಡಿಭಾಗ ನೋಡಿ. ಗಂಟುಗಂಟಾಗಿ ಏನಾದರೂ ಇದೆಯಾ? ಇದ್ದರೆ ಒಂದನ್ನು ಉಗುರಿನಿಂದ ಎಬ್ಬಿಸಿ, ಏನಾಯಿತು ಅಂತ ಹೇಳಿ.

ಶಿರಸಿ ಸೊಸೆ: ಅಯ್ಯೋ. ಅದು ಕೊಂಬೆಯದೇ ಗಂಟು ಅಂದುಕೊಂಡಿದ್ದೆ. ಸಾಲಾಗಿ ಒತ್ತಿಕೊಂಡಿವೆ, ಕಡಲೆಬೇಳೆ ಗಾತ್ರ, ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಎಬ್ಬಿಸಿದೆ, ಪಟ್ಟಂತ ಎದ್ದು ಬಂತು. ಉಗುರಿಗೆಲ್ಲಾ ಒದ್ದೆ ರಸ. ತೊಗಟೆ ಮೇಲೆ ಬಿಳಿ ಗುರುತು ಉಳಿದಿದೆ. ಇರುವೆಗಳು ಅದರ ಮೇಲೇ ಓಡಾಡುತ್ತಿವೆ.

ಅರ್ಬರಿಸ್ಟ್ ಮೇಡಂ: ಹಾಗಾದರೆ ಮ್ಯಾಗ್ನೋಲಿಯಾ ಸ್ಕೇಲ್. ಊರಲ್ಲಿ ದಾಸವಾಳಕ್ಕೆ ಹತ್ತುವ ಹಿಟ್ಟು ತಿಗಣೆಯ ದೂರದ ಬಳಗ. ಅಮೆರಿಕದ ಸ್ಕೇಲ್ ಕೀಟಗಳಲ್ಲಿ ಇದು ತುಂಬ ದೊಡ್ಡದು, ಪೂರ್ತಿ ಬೆಳೆದ ಹೆಣ್ಣು 12 ಮಿಲಿಮೀಟರ್‌ವರೆಗೂ ಆಗುತ್ತದೆ. ಒಂದೇ ಕಡೆ ಕೂತು ರಸ ಹೀರುತ್ತದೆ, ಹೆಚ್ಚಾದ ಸಿಹಿ ನೀರನ್ನು ಹೊರಗೆ ಹಾಕುತ್ತದೆ. ನಿಮ್ಮ ಕಾರಿನ ಮೇಲೆ ಬೀಳುತ್ತಿರುವುದು ಅದೇ. ಆ ಸಿಹಿಗೆ ಕಣಜ, ಇರುವೆ ಬರುತ್ತವೆ. ಅದರ ಮೇಲೇ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯೊಳಗೆ ಹೋಗುವುದಿಲ್ಲ, ಬಿಸಿಲು ಮುಚ್ಚುತ್ತದೆ ಅಷ್ಟೇ. ಕಣಜ ಕೊಂದರೆ ಏನೂ ಪ್ರಯೋಜನವಿಲ್ಲ. ಸ್ಕೇಲ್ ತಿನ್ನುವ ಲೇಡಿಬಗ್ ಮರಿಗಳೂ ಅದೇ ಸ್ಪ್ರೇಗೆ ಸಾಯುತ್ತವೆ. ಇರುವೆ ಮೊದಲೇ ಅವನ್ನು ಓಡಿಸುತ್ತಿರುತ್ತದೆ, ನೀವೂ ಅದರ ಜೊತೆ ಸೇರಿಕೊಂಡಿರಿ.

ಈಗ ಮಾಡಬೇಕಾದದ್ದು: ಕೈಗೆ ಎಟಕುವ ಕಡೆ ಮೆತ್ತನೆ ಬ್ರಷ್‌ನಿಂದ ತಿಕ್ಕಿ ಉದುರಿಸಿ. ತೊಗಟೆ ಕೀಳಬೇಡಿ. ತೀರಾ ತುಂಬಿಕೊಂಡ ಸಣ್ಣ ಕೊಂಬೆ ಕತ್ತರಿಸಿ, ಚೀಲಕ್ಕೆ ಹಾಕಿ ಕಸಕ್ಕೆ ಕೊಡಿ. ಸಾರಜನಕದ ಗೊಬ್ಬರ ಈ ವರ್ಷ ಬೇಡ, ಎಳೆ ಚಿಗುರು ಜಾಸ್ತಿಯಾದರೆ ಕೀಟಕ್ಕೆ ಹಬ್ಬ. ಮಳೆ ಇಲ್ಲದ ವಾರ ಬುಡಕ್ಕೆ ನಿಧಾನವಾಗಿ ನೀರು ಬಿಡಿ.

ಮುಖ್ಯ ಕೆಲಸ ಆಗಸ್ಟ್ ಕೊನೆಗೆ. ಇದು ಮೊಟ್ಟೆ ಇಟ್ಟು ಹೋಗುವ ಜಾತಿ ಅಲ್ಲ, ನೇರ ಮರಿ ಹಾಕುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ಧೂಳಿನಷ್ಟು ಸಣ್ಣ ಮರಿಗಳು ಹೊರಟು ಎಳೆ ಕೊಂಬೆಗೆ ಹೋಗಿ ಕೂರುತ್ತವೆ. ಅವುಗಳ ಮೈಮೇಲೆ ಇನ್ನೂ ಮೇಣ ಇರುವುದಿಲ್ಲ. ಹಾರ್ಟಿಕಲ್ಚರಲ್ ಆಯಿಲ್ (ಕೀಟದ ಮೇಲೆ ಸಿಂಪಡಿಸುವ ಎಣ್ಣೆ) ಕೆಲಸ ಮಾಡುವುದು ಆಗಲೇ. ಎರಡೂ ಕಡೆ ಅಂಟುವ ಟೇಪ್ ಕೊಂಬೆಗೆ ಸುತ್ತಿಡಿ. ಮರಿ ಅಂಟಿದ್ದು ಕಂಡ ದಿನ ಹೊಡೆಯಿರಿ, ಎರಡು ವಾರ ಬಿಟ್ಟು ಮತ್ತೊಮ್ಮೆ. 32 ಡಿಗ್ರಿ ಮೇಲಿನ ಬಿಸಿಲಲ್ಲಿ ಬೇಡ, ಬಾಯಾರಿದ ಮರಕ್ಕೂ ಬೇಡ. ಉಳಿದದ್ದಕ್ಕೆ ವಸಂತದಲ್ಲಿ ಮೊಗ್ಗು ಉಬ್ಬುವ ಮೊದಲು ಇನ್ನೊಂದು ಸಲ. ಬುಡಕ್ಕೆ ಸುರಿಯುವ ನಿಯೋನಿಕ್ (ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕ) ಔಷಧಿಯನ್ನು ಮನೆತೋಟದಲ್ಲಿ ಬಳಸುವುದಕ್ಕೆ ನ್ಯೂಜೆರ್ಸಿಯಲ್ಲಿ 2023ರಿಂದ ನಿರ್ಬಂಧ ಇದೆ. ಪಕ್ಕದ ರಾಜ್ಯದಿಂದ ತರಿಸುವ ಯೋಚನೆ ಮಾಡಬೇಡಿ.

ಆದರೆ ನನಗೆ ಕಾಡುತ್ತಿರುವುದು ಆ ಎಡಗಡೆಯ ಸಣ್ಣ ಎಲೆ. ಸ್ಕೇಲ್ ಎಲ್ಲಾ ಕಡೆ ಇದ್ದು, ಒಂದೇ ಕಡೆ ಎಲೆ ಸಣ್ಣಗಾಗಿದ್ದರೆ ಕಾರಣ ಬುಡದಲ್ಲಿ ಇರಬಹುದು. ಕಾಂಡ ನೆಲ ಸೇರುವ ಜಾಗದ ಫೋಟೋ ಕಳಿಸಿ.

ಕಾಫಿ ಪುಡಿ: ಮೇಡಂ, ಅಳಿಲು ಮೊಗ್ಗು ತಿಂದರೆ ಏನು ಮಾಡಬೇಕು?

ಮೈಸೂರು ಮಲ್ಲಿಗೆ ತೋಟ: ಶಿರಸಿಯವರೇ, ನಮ್ಮ ಫ್ಯಾಮಿಲಿ ಗುಂಪಿನಲ್ಲಿ ಬಂದಿದ್ದು, ತುಂಬಾ ಜನರಿಗೆ ಕೆಲಸ ಮಾಡಿದೆ: ಅರಿಶಿನ, ಹುಳಿ ಮಜ್ಜಿಗೆ, ಬೇವಿನೆಣ್ಣೆ ಕಲಸಿ ಕಾಂಡಕ್ಕೆ ಬಳಿಯಿರಿ. ಬುಡದಲ್ಲಿ ಹಿಂಗು ಹೂತಿಡಿ. ಹೂ ಬಿಡದ ಮರಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಗ್ಯಾರಂಟಿ ಹೂ. 🙏

ಅರ್ಬರಿಸ್ಟ್ ಮೇಡಂ: ಮೊಳೆ ಹೊಡೆಯಬೇಡಿ. ಈಗಷ್ಟೇ ಹೇಳಿದೆ, ಈ ಮರದ ಗಾಯ ಬೇಗ ಮಾಗುವುದಿಲ್ಲ. ಮೊಳೆಯ ತೂತಿನಿಂದ ಕೊಳೆ ಒಳಗೆ ಹೋಗುತ್ತದೆ. ಕಾಂಡಕ್ಕೆ ಎಣ್ಣೆ ಬಳಿಯುವುದೂ ಬೇಡ. ಹಿಂಗು ಸಾರಿಗೆ ಹಾಕಿ.

ಮೈಸೂರು ಮಲ್ಲಿಗೆ ತೋಟ: ನಮ್ಮ ಅಜ್ಜಿ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ ಮೇಡಂ. ಎಲ್ಲದಕ್ಕೂ ಕೆಮಿಕಲ್ ಅಂದರೆ ಹೇಗೆ?

ಅರ್ಬರಿಸ್ಟ್ ಮೇಡಂ: ನಿಮ್ಮ ಅಜ್ಜಿ ಮನೆಯಲ್ಲಿ ಮ್ಯಾಗ್ನೋಲಿಯಾ ಸ್ಕೇಲ್ ಇರಲಿಲ್ಲ. ಅದು ಉತ್ತರ ಅಮೆರಿಕದ ಕೀಟ.

ಹುಬ್ಬಳ್ಳಿ ಮಂದಿ: ಅಜ್ಜಿ ಬಗ್ಗೆ ಮಾತಾಡಬಾರದಿತ್ತು ಬಿಡ್ರಿ. ಅದಿರಲಿ, ಈ ಹೂವನ್ನ ದೇವರಿಗೆ ಏರಿಸಬಹುದೇನ್ರಿ? ಸಂಪಿಗೆ ಜಾತಿ ಅಂತಾರಲ್ಲ.

ಮಂಡ್ಯ ಹೈದ: ಸಂಪಿಗೆಗೂ ಇದಕ್ಕೂ ಏನು ಸಂಬಂಧ? ಸಂಪಿಗೆ ವರ್ಷವಿಡೀ ಹಸಿರು. ಇದು ನಾಲ್ಕು ತಿಂಗಳು ಬೋಳು.

ಪ್ಲೇನ್ಸ್‌ಬರೋ: ಸಂಬಂಧ ಇದೆ. ಕೆಂಡಸಂಪಿಗೆಯನ್ನು ಮೊದಲು ಮಿಷೀಲಿಯಾ ಅನ್ನುತ್ತಿದ್ದರು, ಈಗ ಮ್ಯಾಗ್ನೋಲಿಯಾ ಚಂಪಕ. ಬೋಳಾಗುವುದೂ ಬೋಳಾಗದಿರುವುದೂ ಒಂದೇ ಕುಲದಲ್ಲಿವೆ.

ಮಂಡ್ಯ ಹೈದ: ಗೂಗಲ್ ನೋಡಿ ಹೇಳುವುದು ಸುಲಭ. ಮೂಸಿ ನೋಡಿ. ನಮ್ಮೂರ ಸಂಪಿಗೆ ಒಂದು ಹೂ ಜಡೆಗೆ ಮುಡಿದರೆ ಬಸ್ ತುಂಬ ಘಮ. ಇಲ್ಲಿನ ಸಾಸರ್‌ಗೆ ಮೂಗು ಒತ್ತಿದರೂ ಅಷ್ಟಕ್ಕಷ್ಟೇ.

ಎಡಿಸನ್ ಅಣ್ಣ: ಸ್ಟಾರ್ ಮ್ಯಾಗ್ನೋಲಿಯಾ ಚೆನ್ನಾಗೇ ಘಮಘಮ ಅನ್ನುತ್ತದೆ. ನಾವು ಯುಗಾದಿಗೆ ಅದನ್ನೇ ಏರಿಸುತ್ತೇವೆ. ದೇವರು ವಾಪಸ್ ಕಳಿಸಿಲ್ಲ.

ಹುಬ್ಬಳ್ಳಿ ಮಂದಿ: ಶಾಸ್ತ್ರ ಕೇಳಿದರೆ ತಮಾಷೆ ಮಾಡ್ತೀರಿ.

ಮೈಸೂರು ಮಲ್ಲಿಗೆ ತೋಟ: ನೋಡಿ, ಈ ಗುಂಪಿನಲ್ಲಿ ಹಿರಿಯರ ಮಾತಿಗೆ ಬೆಲೆ ಇಲ್ಲ ಅಂತ ನಾನು ಮೊದಲೇ ಹೇಳಿದ್ದೆ.

ಅಡ್ಮಿನ್: ಮರದ ಬಗ್ಗೆ ಮಾತ್ರ, ದಯವಿಟ್ಟು.

ಜಯನಗರ ಫೋರ್ತ್ ಬ್ಲಾಕ್: ಬೆಂಗಳೂರಿಂದ ಕೇಳುತ್ತಿದ್ದೇನೆ ಮೇಡಂ. ಆನ್‌ಲೈನ್‌ನಲ್ಲಿ ನೀಲಿ ಮ್ಯಾಗ್ನೋಲಿಯಾ ಬೀಜ 299 ರೂಪಾಯಿಗೆ ಸಿಗುತ್ತಿದೆ. ಕುಂಡದಲ್ಲಿ ಬರುತ್ತದಾ?

ಅರ್ಬರಿಸ್ಟ್ ಮೇಡಂ: ನೀಲಿ ಮ್ಯಾಗ್ನೋಲಿಯಾ ಭೂಮಿ ಮೇಲೆ ಇಲ್ಲ. ಫೋಟೋಗೆ ಬಣ್ಣ ಹಾಕಿರುತ್ತಾರೆ. ಒಣಗಿದ ಬೀಜ ಮೊಳೆಯುವುದೂ ಕಷ್ಟ. ಈ ಮರಗಳಿಗೆ ಚಳಿಗಾಲದ ನಿದ್ದೆ ಬೇಕು, ಬೆಂಗಳೂರಿನ ಚಳಿ ಸಾಲದು. ಭಾರತದಲ್ಲಿ ಇಂಥವು ನೋಡಬೇಕು ಅಂದರೆ ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹೋಗಿ. ಅಲ್ಲಿನ ಕ್ಯಾಂಪ್‌ಬೆಲಿ ಜಾತಿ ಕಾಡಿನದೇ ಮರ, ಬೀಜದಿಂದ ಬಂದದ್ದು ಹೂ ಬಿಡಲು 20 ವರ್ಷಕ್ಕೂ ಜಾಸ್ತಿ ಬೇಕು. ನಿಮಗೆ ಕಸಿ ಮಾಡಿದ ಸಂಪಿಗೆ ಗಿಡ ಸಾಕು.

ಮಂಡ್ಯ ಹೈದ: ನೋಡಿದಿರಾ, ಕೊನೆಗೆ ಸಂಪಿಗೆಯೇ.

ವುಡ್‌ಬ್ರಿಡ್ಜ್ ಅಕ್ಕ: ಮೇಡಂ, ನಾವು ಮನೆ ಮಾರುತ್ತಿದ್ದೇವೆ. 10 ವರ್ಷದ ಮ್ಯಾಗ್ನೋಲಿಯಾ ಕಿತ್ತು ಹೊಸ ಮನೆಗೆ ಒಯ್ಯಬಹುದಾ?

ಅರ್ಬರಿಸ್ಟ್ ಮೇಡಂ: ಬೇಡ. ಬೇರು ದಪ್ಪ, ಮೆತ್ತಗೆ, ಕವಲು ಕಡಿಮೆ. ಕಡಿದರೆ ಸುಲಭಕ್ಕೆ ಚೇತರಿಸಿಕೊಳ್ಳುವುದಿಲ್ಲ. ಹೊಸ ಮನೆಯಲ್ಲಿ ವಸಂತದಲ್ಲಿ ಸಣ್ಣದು ನೆಡಿ, ಮೂರ್ನಾಲ್ಕು ವರ್ಷಕ್ಕೆ ಚೆನ್ನಾಗಿ ಬರುತ್ತದೆ.

ನಾರ್ತ್ ಬ್ರನ್ಸ್‌ವಿಕ್: ಪ್ರೂನಿಂಗ್ (ಕೊಂಬೆ ಕತ್ತರಿಸುವುದು) ಯಾವಾಗ ಮಾಡಬೇಕು?

ಅರ್ಬರಿಸ್ಟ್ ಮೇಡಂ: ಮೇಲೆ ಓದಿ.

ಶಿರಸಿ ಸೊಸೆ: ಮೇಡಂ, ಬುಡದ ಫೋಟೋ ಹಾಕಿದ್ದೇನೆ. ಮಲ್ಚ್ (ಬುಡಕ್ಕೆ ಹಾಸುವ ಮರದ ಚೂರು) ಒಂದು ಅಡಿ ಎತ್ತರ ಗುಡ್ಡೆ ಹಾಕಿದೆ. ಹಳೇ ಮಾಲೀಕರು ಪ್ರತಿ ವರ್ಷ ಲ್ಯಾಂಡ್‌ಸ್ಕೇಪರ್‌ನಿಂದ ಹಾಕಿಸುತ್ತಿದ್ದರಂತೆ.

ಅರ್ಬರಿಸ್ಟ್ ಮೇಡಂ: ಇದೇ ನನಗೆ ಅನುಮಾನ ಇದ್ದದ್ದು. ಕೈಯಿಂದಲೇ ಎಳೆದು ತೆಗೆಯಿರಿ, ಸಲಿಕೆ ಬೇಡ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಕಾಣುವವರೆಗೆ. ಮಲ್ಚ್ ಎರಡು ಮೂರು ಇಂಚು ಸಾಕು, ಕಾಂಡ ಮುಟ್ಟಬಾರದು. ತೊಗಟೆ ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ. ಬೇರುಗಳು ಗಾಳಿ ಹುಡುಕಿ ಮಲ್ಚ್‌ನೊಳಗೇ ಸುತ್ತಲು ಶುರು ಮಾಡುತ್ತವೆ.

ಎಡಿಸನ್ ಅಣ್ಣ: ನಮ್ಮ ಬೀದಿಯಲ್ಲಿ ಎಲ್ಲರೂ ಹೀಗೇ ಗುಡ್ಡೆ ಹಾಕಿಸುತ್ತಾರೆ ಮೇಡಂ. ಎಲ್ಲರೂ ತಪ್ಪಾ?

ಅರ್ಬರಿಸ್ಟ್ ಮೇಡಂ: ಹೌದು.

ಮೈಸೂರು ಮಲ್ಲಿಗೆ ತೋಟ: ಎಲ್ಲರೂ ತಪ್ಪು, ಇವರೊಬ್ಬರೇ ಸರಿ.

ಪ್ಲೇನ್ಸ್‌ಬರೋ: ಉಚಿತವಾಗಿ ಉತ್ತರ ಕೊಡುತ್ತಿದ್ದಾರೆ, ಸ್ವಲ್ಪ ಮರ್ಯಾದೆ ಇರಲಿ.

ಮೈಸೂರು ಮಲ್ಲಿಗೆ ತೋಟ: ಮರ್ಯಾದೆ ಯಾರು ಬಿಟ್ಟರು ಅಂತ ಮೇಲೆ ಓದಿ. ಅವರೇ ಹೇಳುತ್ತಾರಲ್ಲ, ಮೇಲೆ ಓದಿ ಅಂತ.

ಶಿರಸಿ ಸೊಸೆ: ತೆಗೆದೆ ಮೇಡಂ. ಎಡಗಡೆ ಒಂದು ಬೇರು ಕಾಂಡವನ್ನು ಅಡ್ಡಡ್ಡ ಸುತ್ತಿಕೊಂಡಿದೆ. ನನ್ನ ಹೆಬ್ಬೆರಳಿಗಿಂತ ದಪ್ಪ. ಅದರ ಮೇಲ್ಗಡೆ ತೊಗಟೆ ಉಬ್ಬಿದೆ. ಮನೆಯವರು ಗರಗಸ ಹಿಡಿದು ನಿಂತಿದ್ದಾರೆ.

ಅರ್ಬರಿಸ್ಟ್ ಮೇಡಂ: ಗರಗಸ ಕೆಳಗಿಡಲು ಹೇಳಿ. ಬೇರು ಕಾಂಡದೊಳಗೆ ಹೂತಿದೆಯಾ, ಸುಮ್ನೆ ಮೇಲೆ ಒತ್ತಿಕೊಂಡಿದೆಯಾ, ಅದು ಮೊದಲು ಗೊತ್ತಾಗಬೇಕು. ಹೂತಿದ್ದರೆ ಎಳೆದು ಕತ್ತರಿಸಿದಾಗ ಕಾಂಡದ ತೊಗಟೆಯೂ ಕಿತ್ತು ಬರುತ್ತದೆ. ಕಾಂಡದ ಸುತ್ತಳತೆ ಎಷ್ಟು, ಅದರಲ್ಲಿ ಎಷ್ಟು ಭಾಗ ಬೇರು ಸುತ್ತಿದೆ, ಟೇಪ್ ಇಟ್ಟು ಅಳೆಯಿರಿ. ಹತ್ತಿರದಿಂದ ಎರಡು ಫೋಟೋ, ಒಂದು ಮೇಲಿನಿಂದ, ಒಂದು ಪಕ್ಕದಿಂದ. ನನಗೆ ನೇರ ಮೆಸೇಜ್‌ನಲ್ಲಿ ಕಳಿಸಿ, ಇಲ್ಲಿ ಬೇಡ.

ಕಾಫಿ ಪುಡಿ: ಅಳಿಲಿನ ವಿಷಯ ಕೇಳಿದ್ದೆ ಮೇಡಂ.

ನಾರ್ತ್ ಬ್ರನ್ಸ್‌ವಿಕ್: ಮೇಲೆ ಓದಿದೆ, ಸಿಗಲಿಲ್ಲ. ಪ್ರೂನಿಂಗ್ ಈಗ ಮಾಡಬಹುದಾ?